ಫಿಲ್ಟರ್ ಪೇಪರಿನ ಮೇಲೆ ಒಂದು ಹನಿ ಎಣ್ಣೆ

ನಾನು ಓದಿದ್ದು ಬಿ.ಎಸ್‌ಸಿ. ಕೆಮಿಸ್ಟ್ರಿ, ಸೆಕೆಂಡ್ ಕ್ಲಾಸ್. ನಮ್ಮ ವಂಶದಲ್ಲಿ ನನಗಿಂತ ಮುಂಚೆ ಯಾರೂ ಕಾಲೇಜಿನ ಮೆಟ್ಟಿಲು ಹತ್ತಿರಲಿಲ್ಲ. ಬಂಗಾರಪೇಟೆ ಕಡೆಯವರಾದ ನಾವು ರೈಲ್ವೆ ಕೆಲಸ ಹಿಡಿದು ತಮಿಳುನಾಡು ಸೇರಿದವರು. ಅಪ್ಪ ಜೋಲಾರಪೇಟೆಯ ಶೆಡ್ಡಿನಲ್ಲಿ ಖಲಾಸಿ. ಉಗಿ ಎಂಜಿನ್ನುಗಳನ್ನು ಹತ್ತಿನೂಲಿನ ವೇಸ್ಟಿನಿಂದ ಒರೆಸುವುದು ಅವರ ಕೆಲಸ. ಒಂದೇ ಕೋಣೆಯ ಕ್ವಾರ್ಟರ್ಸಿನಲ್ಲಿ ಏಳು ಜನರ ಗಲಾಟೆಯ ನಡುವೆ ಕಿವಿ ಮುಚ್ಚಿಕೊಂಡು ಓದಿ ಪಡೆದ ಪದವಿ ಅದು. ಅದನ್ನು ಸಣ್ಣದೆಂದು ನಾನು ಯಾವತ್ತೂ ಅಂದುಕೊಂಡಿಲ್ಲ.

ಆ ಪದವಿಯಿಂದಲೇ ಮದ್ರಾಸಿನ ಒಂದು ಡೀಸೆಲ್ ಶೆಡ್ಡಿನ ಲ್ಯಾಬಿನಲ್ಲಿ ಕೆಲಸ ಸಿಕ್ಕಿತು. ರೈಲು ಎಂಜಿನ್ನುಗಳ ಆಯಿಲ್ ಪರೀಕ್ಷಿಸುವುದು ನನ್ನ ಕೆಲಸ. ಮನುಷ್ಯನ ರಕ್ತ ನೋಡಿ ಡಾಕ್ಟರು ಹೇಳುವ ಹಾಗೆ, ಆಯಿಲ್ ನೋಡಿ ನಾವು ಎಂಜಿನ್ನಿನ ಒಳಗಿನ ಸ್ಥಿತಿ ಹೇಳುತ್ತೇವೆ. ತಾಮ್ರದ ಅಂಶ ಏರಿದರೆ ಬೇರಿಂಗ್ ಸವೆಯುತ್ತಿದೆ, ಕಬ್ಬಿಣ ಏರಿದರೆ ಸಿಲಿಂಡರ್ ಸವೆಯುತ್ತಿದೆ. ಬಿಸಿ ತಟ್ಟೆಯ ಮೇಲೆ ಬಿಟ್ಟ ಹನಿ ಚಿಟಪಟ ಅಂದರೆ ಎಲ್ಲೋ ನೀರು ಸೇರಿದೆ. ನಾನು ಬರೆದುಕೊಟ್ಟರೆ, ಸಾವಿರಾರು ಅಶ್ವಶಕ್ತಿಯ ಎಂಜಿನ್ನು ಓಡುವುದನ್ನು ನಿಲ್ಲಿಸಿ ರಿಪೇರಿಯ ಪಿಟ್ಟಿಗೆ ಬಂದು ನಿಲ್ಲಬೇಕು.

ಲ್ಯಾಬಿನಲ್ಲಿ ನನ್ನದೊಂದು ಕಟ್ಟುನಿಟ್ಟು ಇತ್ತು. ಆಯಿಲ್ ತುಂಬಿದ ಬಾಟಲಿಯ ಚೀಟಿಯ ಮೇಲೆ ಎಂಜಿನ್ ನಂಬರು, ತಾರೀಕು, ಅದರ ಜೊತೆಗೆ ತೆಗೆದವರ ಸಹಿ ಇರಲೇಬೇಕು. ಸಹಿ ಇಲ್ಲದ ಬಾಟಲಿಯನ್ನು ಮುಟ್ಟದೆ ವಾಪಸು ಕಳಿಸುತ್ತಿದ್ದೆ. ಖಲಾಸಿಗಳು ಗೊಣಗುತ್ತಿದ್ದರು. ಆಯಿಲ್ ತೆಗೆಯುವಾಗ ಎಂಜಿನ್ನಿನ ನಲ್ಲಿಯನ್ನು ಒರೆಸಿದ್ದು ಯಾವ ಬಟ್ಟೆಯಿಂದ, ಬಾಟಲಿ ಒಣಗಿತ್ತೋ ಇಲ್ಲವೋ ಎಂದು ಕೇಳುವುದಕ್ಕೆ ಒಬ್ಬ ಮನುಷ್ಯ ಬೇಕು. ತೆಗೆದದ್ದೇ ತಪ್ಪಾದರೆ ನನ್ನ ರಿಪೋರ್ಟು ಸರಿಯಾಗುವುದು ಹೇಗೆ?

ಇಷ್ಟು ಗೊತ್ತಿದ್ದವನು ಮನೆಗೊಂದು ಕಾರು ಕೊಳ್ಳುವಾಗ ಏನು ಮಾಡಿದೆ ಎನ್ನುವುದನ್ನು ಹೇಳಬೇಕು.

ಎರಡು ಸಾವಿರದ ಆರು-ಏಳರ ಸುಮಾರು. ನನ್ನ ಹೆಂಡತಿ ಹದಿನೆಂಟು ವರ್ಷ ಬ್ಯಾಂಕಿನಲ್ಲಿ ಗುಮಾಸ್ತೆಯಾಗಿದ್ದವಳು, ಪರೀಕ್ಷೆ ಬರೆದು ಆಫೀಸರ್ ಆದಳು. ಮೂರನೇ ಸಲಕ್ಕೆ ಪಾಸಾಗಿದ್ದು. ಹಾಕಿದ್ದು ಶೋಳಿಂಗನಲ್ಲೂರ್ ಬ್ರಾಂಚಿಗೆ. ನಮ್ಮ ಮನೆ ಪೆರಂಬೂರು. ಊರಿನ ಆ ತುದಿಗೂ ಈ ತುದಿಗೂ ಇರುವ ದೂರ. ಅಡ್ಯಾರಿನವರೆಗೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು. ಆಗ ಶೋಳಿಂಗನಲ್ಲೂರಿನ ರಸ್ತೆಯನ್ನು ಅಗಲ ಮಾಡಲು ಉದ್ದಕ್ಕೂ ಅಗೆದು ಹಾಕಿದ್ದರು. ಅವಳಿಗೆ ಮೊದಲೇ ಸೊಂಟದ ಡಿಸ್ಕಿನ ತೊಂದರೆ. ಬಸ್ಸಿನ ಕುಲುಕಾಟ ಬೇಡವೇ ಬೇಡ ಎಂದು ಡಾಕ್ಟರು ಹೇಳಿದ್ದರು. ಅವಳ ಬ್ಯಾಂಕಿನಲ್ಲಿ ಒಂದು ನಿಯಮವಿತ್ತು: ಆರು ತಿಂಗಳೊಳಗೆ ಬೇಡವೆಂದು ಬರೆದುಕೊಟ್ಟರೆ ಹಳೆಯ ಗುಮಾಸ್ತೆ ಕೆಲಸಕ್ಕೆ ವಾಪಸು ಹೋಗಬಹುದು. ಆಮೇಲೆ ಮತ್ತೆ ಪ್ರಮೋಷನ್ ಕೇಳುವ ಹಾಗಿಲ್ಲ.

"ಕಾರು ಬಂದ್ರೆ ಇರ್ತೀನಿ, ಇಲ್ಲಾಂದ್ರೆ ಬರೆದು ಕೊಡ್ತೀನಿ," ಎಂದಳು. ಅವಳು ಡ್ರೈವಿಂಗ್ ಕಲಿತಾಗಿತ್ತು.

ದಿನಕ್ಕೆ ಅರವತ್ತು ಕಿಲೋಮೀಟರು ಓಡುವುದಕ್ಕೆ ಡೀಸೆಲ್ ಕಾರೇ ಸರಿ ಎಂಬುದರಲ್ಲಿ ನಮಗಿಬ್ಬರಿಗೂ ಅನುಮಾನವಿರಲಿಲ್ಲ. ನನ್ನ ಅನುಮಾನ ಬೇರೆ. ನಮ್ಮಂಥವರು ಜೀವಮಾನದಲ್ಲಿ ಕೊಳ್ಳುವುದು ಒಂದೇ ಕಾರು. ಅದು ಹದಿನೈದು ವರ್ಷ ಬಾಳಬೇಕು. ಆಗ ಬಂದಿದ್ದ ಹೊಸ ತರಹದ ಡೀಸೆಲ್ ಎಂಜಿನ್ನುಗಳನ್ನು ನೋಡಿದರೆ ನನಗೆ ಧೈರ್ಯ ಬರುತ್ತಿರಲಿಲ್ಲ. ನಮ್ಮ ರೈಲು ಎಂಜಿನ್ನಿನಲ್ಲಿ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್ ಕೆಟ್ಟರೆ ಬಿಚ್ಚಿ, ಮೂತಿ ಉಜ್ಜಿ, ಒತ್ತಡ ನೋಡಿ ಮತ್ತೆ ಹಾಕುತ್ತೇವೆ. ಈ ಕಾರುಗಳಲ್ಲಿ ಇಂಜೆಕ್ಟರನ್ನು ಬಿಚ್ಚುವ ಹಾಗೇ ಇಲ್ಲ, ಎಸೆದು ಹೊಸದು ಹಾಕಬೇಕು. ಅದನ್ನು ನಡೆಸುವುದೂ ಒಂದು ಕಂಪ್ಯೂಟರು. ಬಂಕಿನ ಡೀಸೆಲ್ಲಿನಲ್ಲಿ ಸೀಮೆಎಣ್ಣೆ ಬೆರೆತಿದ್ದರೆ ಇದು ತಡೆಯುತ್ತದೆಯೇ? ಐದನೇ ವರ್ಷಕ್ಕೆ ಏನಾಗುತ್ತದೆ, ಹತ್ತನೇ ವರ್ಷಕ್ಕೆ ಏನಾಗುತ್ತದೆ? ಮಾರುಕಟ್ಟೆಗೆ ಬಂದು ಎರಡು ವರ್ಷವಾದ ಗಾಡಿಯ ಬಗ್ಗೆ ಯಾರನ್ನು ಕೇಳುವುದು? ಷೋರೂಮಿನ ಹುಡುಗಿಯನ್ನು ಕೇಳಿದರೆ ಒಳಗಿನ ಬೆಳಕು ಎಷ್ಟು ಬಣ್ಣದಲ್ಲಿ ಬರುತ್ತದೆ ಎಂದು ತೋರಿಸಿದಳು.

ಶೆಡ್ಡಿನಲ್ಲಿ ಇಂಜೆಕ್ಟರ್ ವಿಭಾಗದ ಮೇಸ್ತ್ರಿಯೊಬ್ಬರಿದ್ದರು, ವಡಪಳನಿ ಕಡೆಯವರು, ನನಗಿಂತ ಹಿರಿಯರು. ನಾನು ಮೂರು ತಿಂಗಳಿಂದ ಇದೇ ಮಾತಾಡುವುದನ್ನು ಕೇಳಿ ಕೇಳಿ ಅವರಿಗೆ ಸಾಕಾಗಿತ್ತು. ಒಂದು ದಿನ ಊಟದ ಹೊತ್ತಿನಲ್ಲಿ ಎಲ್ಲರೆದುರಿಗೆ ತಮಿಳಿನಲ್ಲಿ ಕೇಳಿದರು, "ಕೆಮಿಸ್ಟ್ ಸಾರ್, ಹೆಣ್ಣು ನೋಡಕ್ಕೆ ಹೋದಾಗಲೂ ಬಾಟಲಿ ತಗೊಂಡು ಹೋಗಿದ್ರಾ?"

ಎಲ್ಲರೂ ನಕ್ಕರು. ನನಗೆ ಮಾತ್ರ ದಾರಿ ಹೊಳೆಯಿತು.

ಶೋಳಿಂಗನಲ್ಲೂರಿನಲ್ಲಿ ಐಟಿ ಕಂಪೆನಿಗಳಿಗೆ ಓಡುವ ಕ್ಯಾಬುಗಳು ಸಾಲುಗಟ್ಟಿ ನಿಲ್ಲುತ್ತಿದ್ದವು. ಷೋರೂಮಿನಲ್ಲಿ ನಾವು ನೋಡಿದ್ದ ಕಾರಿನ ಎಂಜಿನ್ನೇ ಅವುಗಳಲ್ಲಿ ಕೆಲವಕ್ಕೂ ಇತ್ತು. ಹಗಲೂ ಇರುಳೂ ಓಡುವ ಗಾಡಿಗಳು. ನಮ್ಮ ಕಾರು ಏಳೆಂಟು ವರ್ಷದಲ್ಲಿ ಓಡುವಷ್ಟನ್ನು ಎರಡು ವರ್ಷದಲ್ಲಿ ಓಡಿರುತ್ತವೆ. ಅವುಗಳ ಆಯಿಲ್ ಒಂದೊಂದು ಹನಿ ಸಿಕ್ಕರೆ ಸಾಕು. ದೊಡ್ಡ ಯಂತ್ರವೇ ಬೇಕೆಂದಿಲ್ಲ. ಫಿಲ್ಟರ್ ಪೇಪರಿನ ಮೇಲೆ ಹನಿ ಬಿಟ್ಟು, ಅಡಿಯಲ್ಲಿ ಏನೂ ತಾಗದ ಹಾಗೆ ಲೋಟದ ಬಾಯಿಯ ಮೇಲಿಟ್ಟು ಒಣಗಿಸಿದರೆ ಎಣ್ಣೆ ತಾನೇ ಹರಡಿಕೊಂಡು ಬಳೆಬಳೆಯಾಗಿ ನಿಲ್ಲುತ್ತದೆ. ನಡುವೆ ಕಪ್ಪು, ಸುತ್ತ ಒಂದೇ ಸಮ ಬೂದು ಬಣ್ಣ ಇದ್ದರೆ ಒಳ್ಳೆಯದು. ಅಂಚು ಹರಿದಂತಿದ್ದರೆ ನೀರು. ಹೊರಗೆ ಅಗಲವಾಗಿ, ಬೆಳಕಿಗೆ ಹಿಡಿದರೆ ಆಚೆ ಕಾಣುವಂಥ ತೆಳು ಬಳೆ ಬಂದರೆ ಆಯಿಲ್ಲಿಗೆ ಡೀಸೆಲ್ ಸೋರಿದೆ, ಇಂಜೆಕ್ಟರ್ ಸರಿಯಿಲ್ಲ ಎಂದು ಅರ್ಥ.

ಶೆಡ್ಡಿನ ಒಂದು ಹಾಳೆಯನ್ನೂ ನಾನು ಮನೆಗೆ ತಂದವನಲ್ಲ. ಲ್ಯಾಬ್ ಸಾಮಾನಿನ ಅಂಗಡಿಗಳಿರುವ ಪ್ಯಾರೀಸ್ ಕಾರ್ನರಿಗೆ ಹೋಗಿ ಒಂದು ಡಬ್ಬಿ ಫಿಲ್ಟರ್ ಪೇಪರ್ ಕೊಂಡು ತಂದು ಹೆಂಡತಿಯ ಕೈಗೆ ಕೊಟ್ಟೆ.

"ಬ್ಯಾಂಕಿನ ಎದುರೇ ಕ್ಯಾಬ್ ನಿಲ್ಲುತ್ತಲ್ಲ, ಡ್ರೈವರುಗಳನ್ನ ಕೇಳಿ ಆಯಿಲ್ ಅಳೆಯೋ ಕಡ್ಡಿಯಿಂದ ಒಂದೊಂದು ಹನಿ ಹಾಕಿಸಿಕೊಂಡು ಬಾ. ಗಾಡಿ ಎಷ್ಟು ಓಡಿದೆ ಅಂತ ಪೇಪರಿನ ಮೇಲೆ ಬರಿ."

"ಆಫೀಸರ್ ಆದ್ಮೇಲೆ ಮೊದಲನೇ ಡ್ಯೂಟಿ ಇದಾ?" ಎಂದಳು. ಒಳಗಿನಿಂದ ಮಗಳು, "ಅಪ್ಪಾ, ಪೋದುಂ ಪಾ," ಎಂದಳು. ಸಾಕು ಮಾಡಪ್ಪ ಎಂದು. ನಮ್ಮ ಮನೆಯಲ್ಲಿ ಕನ್ನಡ ಕೇಳಿಸಿಕೊಳ್ಳುವುದಕ್ಕೆ, ತಮಿಳು ಬಯ್ಯುವುದಕ್ಕೆ.

ಆದರೂ ನಾಲ್ಕು ಹಾಳೆ ತಂದಳು, ತಿಂಡಿಯ ಡಬ್ಬಿಯಲ್ಲಿ ಬಿಡಿಬಿಡಿಯಾಗಿ ಇಟ್ಟುಕೊಂಡು. ಮೂರು ಚೆನ್ನಾಗಿದ್ದವು. ಅವು ಅರವತ್ತು, ಎಪ್ಪತ್ತು ಸಾವಿರ ಓಡಿದ ಗಾಡಿಗಳವು. ನಾಲ್ಕನೆಯದರ ಮೇಲೆ ಅವಳ ದುಂಡು ಅಕ್ಷರದಲ್ಲಿ 'ಒಂದೂವರೆ ಲಕ್ಷ' ಎಂದಿತ್ತು. ನನಗೆ ಬೇಕಾಗಿದ್ದು ಅದೇ. ಕಿಟಕಿಗೆ ಹಿಡಿದು ನೋಡಿದೆ. ಹೊರಗೆ ಒಂದು ಬೆರಳಗಲದ ತೆಳು ಬಳೆ, ಅದರೊಳಗಿಂದ ಎದುರು ಮನೆಯ ನೀರಿನ ಟ್ಯಾಂಕು ಕಾಣುತ್ತಿತ್ತು.

"ಡೀಸೆಲ್ ಸೋರಿದೆ. ಒಂದೂವರೆ ಲಕ್ಷಕ್ಕೇ ಇಂಜೆಕ್ಟರ್ ಹೋಗಿದೆ. ಈ ಕಾರು ಬೇಡ," ಎಂದೆ.

ಅವಳು ತಿಂಡಿಯ ಡಬ್ಬಿ ತೊಳೆಯಲು ಎದ್ದು ಹೋದಳು.

ಮುಂದಿನ ಏಳು ವಾರ ನಾನು ಬೇರೆ ಬೇರೆ ಕಾರುಗಳ ಪುಸ್ತಿಕೆ ತಂದು ಹರಡಿಕೊಂಡು ಕೂತೆ. ಒಂದರ ಎಂಜಿನ್ನು ಹಳೆಯ ತರಹದ್ದು, ಆದರೆ ಅದನ್ನು ನಿಲ್ಲಿಸುತ್ತಾರೆ ಎಂಬ ಸುದ್ದಿ. ಇನ್ನೊಂದರ ಬಿಡಿಭಾಗ ಸಿಗುವುದಿಲ್ಲ. ನಡುವೆ ಅವಳು ಒಂಬತ್ತು ದಿನ ಹಾಸಿಗೆಯಲ್ಲಿ ಮಲಗಿದಳು, ಎದ್ದು ಸೊಂಟಕ್ಕೆ ಬೆಲ್ಟು ಕಟ್ಟಿಕೊಂಡು ಮತ್ತೆ ಬಸ್ಸು ಹತ್ತಿದಳು. ಆರು ತಿಂಗಳು ತುಂಬುವುದಕ್ಕೆ ನಾಲ್ಕು ದಿನವಿತ್ತು. ಆ ಸೋಮವಾರ ಊಟದ ಮೇಜಿನ ಮೇಲೆ ಅವಳು ಒಂದು ಕಾಗದ ಇಟ್ಟು, "ಇಂಗ್ಲಿಷ್ ಸರಿಯಾಗಿದೆಯಾ ನೋಡ್ರಿ," ಎಂದಳು. ವೈಯಕ್ತಿಕ ಕಾರಣಗಳಿಂದಾಗಿ ಆಫೀಸರ್ ಹುದ್ದೆಯನ್ನು ಬಿಟ್ಟುಕೊಡುತ್ತಿದ್ದೇನೆ ಎಂದು ಬರೆದಿದ್ದಳು. ತಾರೀಕು ಶುಕ್ರವಾರದ್ದು.

ಇಂಗ್ಲಿಷ್ ಸರಿಯಾಗಿತ್ತು. ಕೆಳಗೆ ಅವಳ ಸಹಿ. ಆ ಸಹಿಯನ್ನು ನೋಡುತ್ತಿದ್ದ ಹಾಗೆ ನನಗೆ ಲ್ಯಾಬಿನ ಬಾಟಲಿಗಳ ನೆನಪಾಯಿತು.

"ಆ ನಾಲ್ಕನೇ ಪೇಪರಿಗೆ ಹನಿ ಹಾಕಿದ್ದು ಯಾರು? ನೀನಾ?"

"ಡ್ರೈವರ್. ಹೊಸೂರ್ ಕಡೆಯವನು, ಕನ್ನಡ ಮಾತಾಡ್ತಾನೆ. ಪಾಪ, ಒಳ್ಳೆಯವನು."

"ಕಡ್ಡಿ ಒರೆಸಿದನಾ? ಯಾವುದರಲ್ಲಿ?"

"ಅದೆಲ್ಲ ನಾನ್ಯಾಕೆ ನೋಡಲಿ? ಬ್ಯಾಂಕ್ ತೆಗೆಯೋ ಹೊತ್ತು ಅದು."

ಗುರುವಾರ ರಜೆ ಹಾಕಿ ಅವಳ ಜೊತೆ ಹೊರಟೆ. ಆ ಆರು ತಿಂಗಳಲ್ಲಿ ಅವಳ ಬಸ್ಸಿನಲ್ಲಿ ನಾನು ಕೂತದ್ದು ಅದೇ ಮೊದಲು. ಕೂತದ್ದು ಎಂದೆ, ಅಡ್ಯಾರಿನವರೆಗೆ ನಿಂತೇ ಇದ್ದೆವು. ಎರಡನೇ ಬಸ್ಸಿನಲ್ಲಿ ಅವಳಿಗೆ ಸೀಟು ಸಿಕ್ಕಿತು. ಅಗೆದ ರಸ್ತೆ ಬಂದಾಗ ಅವಳು ಮುಂದಿನ ಸೀಟಿನ ಕಂಬಿಯನ್ನು ಎರಡು ಕೈಯಲ್ಲೂ ಹಿಡಿದು, ಸೀಟಿನಿಂದ ಎರಡು ಅಂಗುಲ ಮೇಲೆ ತನ್ನನ್ನು ತಾನೇ ಎತ್ತಿ ಹಿಡಿದುಕೊಂಡಿದ್ದಳು. ಹೊಂಡ ದಾಟಿದ ಮೇಲೆ ಮೆಲ್ಲಗೆ ಕೂತಳು. ಮತ್ತೆ ಹೊಂಡ, ಮತ್ತೆ ಎದ್ದಳು. ಯಾವ ಹೊಂಡ ಎಲ್ಲಿ ಬರುತ್ತದೆ ಎಂದು ಅವಳಿಗೆ ಬಾಯಿಪಾಠವಾಗಿತ್ತು. ಪಕ್ಕದಲ್ಲಿ ನಿಂತಿದ್ದ ನಾನು ಎಣಿಸಲು ಶುರು ಮಾಡಿ, ನಡುವೆ ಬಿಟ್ಟುಬಿಟ್ಟೆ.

ಬ್ಯಾಂಕಿನ ಎದುರು ಟೀ ಅಂಗಡಿಯ ಹತ್ತಿರ ಕ್ಯಾಬು ನಿಂತಿತ್ತು. ಡ್ರೈವರಿಗೆ ಮೂವತ್ತೈದು ವರ್ಷವಿದ್ದೀತು. ಗಾಡಿಯನ್ನು ಕನ್ನಡಿಯ ಹಾಗೆ ಇಟ್ಟಿದ್ದ.

"ಓಹೋ, ಎಣ್ಣೆ ಸಾರ್ ನೀವೇನಾ? ಮೇಡಮ್ ಹೇಳವ್ರೆ," ಎಂದ. "ನಮ್ ಗಾಡಿ ಪಾಸಾ, ಫೇಲಾ?"

"ಫೇಲು," ಎಂದೆ.

ಅವನ ಮುಖ ಸಣ್ಣಗಾಯಿತು. "ಹಂಗನ್ಬೇಡಿ ಸಾರ್. ಒಂದ್ ದಿನಾ ರೋಡಲ್ಲಿ ನಿಂತಿಲ್ಲ ಇದು."

"ಅವತ್ತು ಹೇಗೆ ಹನಿ ಹಾಕಿಕೊಟ್ಟೆ, ಹಾಗೇ ಇನ್ನೊಂದು ಸಲ ಹಾಕಿಕೊಡಪ್ಪ."

ಬಾನೆಟ್ ಎತ್ತಿದ. ಮೂಲೆಯಲ್ಲಿ ಒಂದು ಪ್ಲಾಸ್ಟಿಕ್ ಡಬ್ಬಿ, ಅದರಲ್ಲಿ ಬನಿಯನ್ ಬಟ್ಟೆ. ಆಯಿಲ್ ಕಡ್ಡಿಯನ್ನು ಎಳೆದು ಆ ಬಟ್ಟೆಯಿಂದ ಮೇಲಿನಿಂದ ಕೆಳಗಿನವರೆಗೆ ಹೊಳೆಯುವ ಹಾಗೆ ಒರೆಸಿ, ಮತ್ತೆ ಒಳಗಿಟ್ಟು ತೆಗೆದು ಹಾಳೆಯ ಮೇಲೆ ಹನಿ ಬಿಟ್ಟ. ಬಟ್ಟೆಯನ್ನು ಇಸಿದುಕೊಂಡು ಮೂಸಿದೆ. ಡೀಸೆಲ್.

"ಎಂಜಿನ್ ಒರ್ಸಕ್ಕೆ ಡೀಸಲ್ನಲ್ಲಿ ನೆನೆಸಿಟ್ಟಿರ್ತೀನಿ ಸಾರ್, ಪಳಪಳ ಅಂತದೆ," ಎಂದ. "ಬೇರೆಯವರಾಗಿದ್ರೆ ಹಂಗೇ ತೊಟ್ಟಿಕ್ಸಿರ್ತಿದ್ದೆ. ಮೇಡಮ್ ಕೈ ಮಸಿ ಆಗ್ಬಾರ್ದು, ಬ್ಯಾಂಕ್‌ಗೆ ಹೋಗೋರು ಅಂತ ನೀಟಾಗಿ ಒರ್ಸಿ ಕೊಟ್ಟೆ."

ಜೇಬಿನಿಂದ ಒಣಗಿದ ಹತ್ತಿ ತೆಗೆದು ಕಡ್ಡಿಯನ್ನು ನಾನೇ ಒರೆಸಿದೆ. ಎರಡು ಸಲ ಒಳಗಿಟ್ಟು ಒರೆಸಿ, ಮೂರನೇ ಸಲ ಇನ್ನೊಂದು ಹಾಳೆಗೆ ಹನಿ ಬಿಟ್ಟೆ. ಎರಡು ಹಾಳೆಗಳನ್ನೂ ಟೀ ಅಂಗಡಿಯ ಗ್ಲಾಸುಗಳ ಮೇಲಿಟ್ಟು ಬೆಂಚಿನ ಮೇಲೆ ಕೂತೆ. ಪೂರ್ತಿ ಒಣಗುವುದಕ್ಕೆ ಒಂದು ದಿನ ಬೇಕು. ಆದರೆ ಅರ್ಧ ಗಂಟೆಯಲ್ಲೇ ಅವನ ಹಾಳೆಯ ಸುತ್ತ ಆ ತೆಳು ಬಳೆ ಹರಡಿತು. ನನ್ನ ಹಾಳೆಯಲ್ಲಿ ನಡುವೆ ಕಪ್ಪು, ಸುತ್ತ ಬೂದು. ಅಷ್ಟೇ.

ಇಪ್ಪತ್ತು ವರ್ಷ ಸಹಿಯಿಲ್ಲದ ಬಾಟಲಿಗಳನ್ನು ವಾಪಸು ಕಳಿಸಿದವನು ನಾನು. ಎಂಜಿನ್ನಿನ ಬುಡಕ್ಕೆ ಹೋಗಿ ಹನಿ ತೆಗೆಯುವುದು ಖಲಾಸಿಯ ಕೆಲಸ, ಡಿಗ್ರಿ ಓದಿದವನು ಲ್ಯಾಬಿನಲ್ಲಿ ಕೂತು ನೋಡುವವನು ಎಂಬುದು ನನ್ನ ತಲೆಯಲ್ಲಿ ಎಷ್ಟು ಗಟ್ಟಿಯಾಗಿ ಕೂತಿತ್ತೆಂದರೆ, ಸ್ವಂತ ಕಾರಿಗೂ ಹೆಂಡತಿಯನ್ನು ಕಳಿಸಿದ್ದೆ. ಅಪ್ಪ ಇದ್ದಿದ್ದರೆ ಮೊದಲ ಮಾತಿಗೇ ಯಾವ ಬಟ್ಟೆ ಎಂದು ಕೇಳಿರುತ್ತಿದ್ದರು. ಅವರ ಕೆಲಸವೇ ಬಟ್ಟೆಯದು.

"ಪಾಸಪ್ಪ," ಎಂದು ಡ್ರೈವರಿಗೆ ಹೇಳಿದೆ. "ಬಟ್ಟೆ ಫೇಲು."

"ಬಟ್ಟೆ ಬದಲಾಯಿಸ್ಬೋದು ಬಿಡಿ," ಎಂದ ಅವನು, ಬಾನೆಟ್ ಮುಚ್ಚುತ್ತ.

ಅಲ್ಲಿಂದ ನೇರವಾಗಿ ನುಂಗಂಬಾಕ್ಕಂನ ಷೋರೂಮಿಗೆ ಹೋಗಿ ಬುಕ್ ಮಾಡಿದೆ. ಬಣ್ಣ ಕೇಳಿದರು. ಬ್ಯಾಂಕಿಗೆ ಫೋನು ಮಾಡಿದೆ.

"ಕೌಂಟರ್ ಮುಂದೆ ಹತ್ತು ಜನ ನಿಂತಿದಾರೆ," ಎಂದಳು. "ಯಾವುದಾದ್ರೂ ಇರಲಿ. ಬಿಳಿ ಮಾತ್ರ ಬೇಡ, ಕ್ಯಾಬ್ ಅಂತ ಕೈ ತೋರಿಸ್ತಾರೆ." ಆಮೇಲೆ, "ಆ ಲೆಟರ್ ಏನ್ ಮಾಡಲಿ?" ಎಂದಳು.

"ಕೊಡಬೇಡ."

"ಸರಿ," ಎಂದು ಫೋನಿಟ್ಟಳು.

ಕಾರು ಬರಲು ಮತ್ತೂ ಆರು ವಾರವಾಯಿತು. ಅಷ್ಟು ದಿನವೂ ಅವಳು ಬಸ್ಸಿನಲ್ಲೇ ಹೋದಳು. ಬೇಗ ನಿರ್ಧರಿಸಿದ್ದರೆ ಆ ಒಂಬತ್ತು ದಿನಗಳ ಹಾಸಿಗೆ ಇರುತ್ತಿರಲಿಲ್ಲ ಎಂದು ಅವಳು ಯಾವತ್ತೂ ಹೇಳಿಲ್ಲ. ನಾನು ಹೇಳಿಕೊಂಡಿದ್ದೇನೆ.

ಕಾರು ಬಂದ ಮೇಲೆ ಪ್ರತಿ ಸರ್ವಿಸಿಗೂ ಮುಂಚೆ ಹನಿ ತೆಗೆದು ನೋಡುತ್ತಿದ್ದೆ. ಮೂರು ವರ್ಷ ಒಂದಕ್ಕಿಂತ ಒಂದು ಚೆನ್ನಾದ ಹಾಳೆಗಳು. ಆಮೇಲೆ ಒಂದು ಬೆಳಿಗ್ಗೆ ಹೆಂಡತಿ ಬ್ಯಾಂಕಿನ ದಾರಿಯ ತೊರೈಪಾಕ್ಕಂ ಹತ್ತಿರದಿಂದ ಫೋನು ಮಾಡಿದಳು. ಕಾರು ಕೆಮ್ಮಿ ನಿಂತುಬಿಟ್ಟಿದೆ. ನಾನು ಹೆದರಿದ್ದ ಇಂಜೆಕ್ಟರೇ ಅದು. ಡೀಸೆಲ್ ಸೋರಿ ಅಲ್ಲ, ಅದರೊಳಗಿನ ತಂತಿಯ ಸುರುಳಿ ಸುಟ್ಟಿತ್ತು ಎಂದು ಆಮೇಲೆ ತಿಳಿಯಿತು. ಫಿಲ್ಟರ್ ಪೇಪರಿನಲ್ಲಿ ಅದು ಕಾಣುವಂಥದ್ದಲ್ಲ. ಹೊಸದು ಹಾಕಲು ಒಂದು ದಿನ ಸಾಕಾಯಿತು.

ಫೋನಿನಲ್ಲಿ ನಾನು, ಹೊಗೆ ಬಂತಾ, ಯಾವ ಬಣ್ಣದ ಹೊಗೆ, ನಿಲ್ಲುವ ಮುಂಚೆ ಶಬ್ದ ಹೇಗಿತ್ತು ಎಂದು ಕೇಳುತ್ತಿದ್ದೆ.

"ರೀ, ಸ್ಟ್ರಾಂಗ್ ರೂಮಿನ ಕೀ ನನ್ನ ಹತ್ರ ಇದೆ, ನಾನು ಹೋಗದೆ ಬ್ಯಾಂಕ್ ತೆಗೆಯಲ್ಲ," ಎಂದಳು. "ಒಂದು ಕ್ಯಾಬ್ ನಿಲ್ಲಿಸಿದೀನಿ. ನೀವು ಬಂದು ಕಾರಿನ ಹತ್ರ ನಿಂತ್ಕೊಳ್ಳಿ."

ರಜೆ ಹಾಕಿ, ಎರಡು ಬಸ್ಸು ಹಿಡಿದು ಹೋಗಿ ನಿಂತುಕೊಂಡೆ.