ಅಮ್ಮ ಕೂತು ತಿನ್ನದ ಮಸಾಲೆದೋಸೆ

ಆಗಿನ್ನೂ ಬ್ಯಾಟರಾಯನಪುರದ ನಮ್ಮ ಮನೆಯ ಹಿಂದೆ ದನದ ಕೊಟ್ಟಿಗೆ ಇತ್ತು. ಬೆಂಗಳೂರು ಬಂದಿದ್ದು ಮನೆಯ ಮುಂದುಗಡೆ ಮಾತ್ರ. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ರಸ್ತೆಗೆ ತಗುಲಿದ ತುಂಡಿನಲ್ಲಿ ಅಪ್ಪ ಸಾಲಾಗಿ ನಾಲ್ಕು ಮಳಿಗೆ ಕಟ್ಟಿಸಿ ಬಾಡಿಗೆಗೆ ಬಿಟ್ಟಿದ್ದ. ನಾನು ಐದನೇ ಕ್ಲಾಸು ಮುಗಿಸಿದ ಬೇಸಿಗೆ ರಜೆಯಲ್ಲಿ ಕೊನೆಯ ಎರಡು ಮಳಿಗೆಗಳ ನಡುವಿನ ಗೋಡೆ ಒಡೆದು ಅಲ್ಲೊಂದು ಹೋಟ್ಲು ಶುರುವಾಯಿತು. ಯಜಮಾನ ಕುಣಿಗಲ್ ಕಡೆಯ ವಾಸಣ್ಣ. ಕುರ್ಚಿ, ಟೇಬಲ್ಲು, ಗೋಡೆಗೆ ಕನ್ನಡಿ, ಎಲ್ಲಾ ಹೊಸದು.

ಬೆಳಗ್ಗೆ ಆರಕ್ಕೇ ಶುರು. ಕಾದ ಕಲ್ಲಿನ ಮೇಲೆ ನೀರು ಚುಯ್ ಅನ್ನುವ ಸದ್ದು, ಆಮೇಲೆ ಹಿಟ್ಟು, ಆಮೇಲೆ ಬೆಣ್ಣೆ. ಆ ಕೆಂಪು ಚಟ್ನಿಯ ಬೆಳ್ಳುಳ್ಳಿ ವಾಸನೆ ಕಾಂಪೌಂಡು ದಾಟಿ ನೇರ ನಮ್ಮ ಹಾಸಿಗೆಗೇ ಬರುತ್ತಿತ್ತು. ನಮ್ಮ ಜಾಗ, ನಮ್ಮ ಗೋಡೆ, ನಮ್ಮ ಮೂಗು. ಆದರೆ ಊರಿಗೆಲ್ಲ ತೆರೆದಿದ್ದ ಆ ಹೋಟ್ಲಿಗೆ ನಾವು ಮಾತ್ರ ಹೋಗುವ ಹಾಗಿರಲಿಲ್ಲ. ಕೇಳಿದ್ದೀರಾ ಇಂಥ ಕಥೆ?

ಆಗಿದ್ದು ಇಷ್ಟೇ. ಹೋಟ್ಲು ಶುರುವಾದ ವಾರ ಅಪ್ಪ ನನ್ನನ್ನೂ ತಮ್ಮ ಮಂಜನನ್ನೂ ಅಲ್ಲಿಗೆ ಕರೆದುಕೊಂಡು ಹೋಗಿದ್ದ. ಒಂದು ಕುರ್ಚಿಯೂ ಖಾಲಿ ಇರಲಿಲ್ಲ. ವಾಸಣ್ಣ ಗಲ್ಲಾ ಬಿಟ್ಟು ಓಡಿ ಬಂದು, ಅರ್ಧ ಇಡ್ಲಿ ತಿಂದಿದ್ದ ಮುದುಕರೊಬ್ಬರನ್ನು "ಬಿಲ್ಡಿಂಗ್ ಓನರ್ ಬಂದವ್ರೆ, ವಸಿ ಆ ಕಡೆ ನಿಂತ್ಕಳಿ ತಾತ" ಅಂತ ಎಬ್ಬಿಸಿಬಿಟ್ಟರು. ಆ ತಾತ ತಟ್ಟೆ ಹಿಡಿದುಕೊಂಡು ಗೋಡೆ ಪಕ್ಕ ನಿಂತು ತಿಂದರು. ನಾನೂ ಮಂಜನೂ ಮಸಾಲೆದೋಸೆ ಚಪ್ಪರಿಸಿದೆವು, ಅಪ್ಪ ತನ್ನ ತಟ್ಟೆ ಮುಟ್ಟಲಿಲ್ಲ. ಮನೆಗೆ ಬಂದವನೇ ಕಟ್ಟಪ್ಪಣೆ ಮಾಡಿದ. "ಇನ್ಮ್ಯಾಕೆ ಯಾರೂ ಅಲ್ಲಿಗೆ ಕಾಲಿಕ್ಬ್ಯಾಡಿ. ನಾವು ಕೂತ್ರೆ ಇನ್ನೊಬ್ರ ತಟ್ಟೆ ಮ್ಯಾಲೆ ಕೂತಂಗೆ. ಇಂಗಾದ್ರೆ ಆ ವಯ್ಯ ಯಾಪಾರ ಮಾಡ್ದಂಗೇ ಸೈ."

ಒಳ್ಳೆಯ ಮಾತೇ. ಆದರೆ ಅನುಭವಿಸಿದವರು ಯಾರು? ನಾವು!

ಬಾಯಿಗೆ ರುಚಿ ತೋರಿಸಿಯಾಗಿತ್ತಲ್ಲ, ನಾವು ಸುಮ್ಮನಿರಲಿಲ್ಲ. ಹಾಗಾಗಿ ಪ್ರತಿ ಭಾನುವಾರ ಅಪ್ಪ ಸ್ಕೂಟರ್ ತೆಗೆಯುತ್ತಿದ್ದ. ಮುಂದೆ ನಿಂತುಕೊಂಡು ಮಂಜ, ಹಿಂದೆ ನಾನು. ಮೊದಲು ಯಶವಂತಪುರ. ಅಲ್ಲಿ ತಿನ್ನುವವರ ಕುರ್ಚಿ ಬೆನ್ನು ಹಿಡಿದುಕೊಂಡು ಒಬ್ಬೊಬ್ಬರ ಹಿಂದೆ ಇಬ್ಬಿಬ್ಬರು ನಿಂತಿರುತ್ತಿದ್ದರು. ಅಪ್ಪನಿಗೆ ಅದು ಆಗದು. "ತಿನ್ನೋರ ಬಾಯಿ ನೋಡ್ಕಂಡು ನಿಂತ್ಕಳಾಕೆ ನಮಗೇನ್ ಬಂದೈತೆ ಗ್ರಹಚಾರ? ಹತ್ರಿ ಗಾಡಿ." ಅಲ್ಲಿಂದ ಆರ್.ಟಿ. ನಗರ. ಅಷ್ಟು ಹೊತ್ತಿಗೆ "ದೋಸೆ ಹಿಟ್ಟು ಖಾಲಿ ಸಾರ್, ಚೌಚೌಬಾತ್ ಕೊಡ್ಲಾ?" "ಬ್ಯಾಡ." ಮತ್ತೆ ಗಾಡಿ. ಹೆಬ್ಬಾಳದ ಹತ್ತಿರ ಒಂದು ಕಡೆ ಟೇಬಲ್ಲು ಒರೆಸಿದ ಬಟ್ಟೆ ನಾರುತ್ತೆ ಅಂತ ಎದ್ದು ಬಂದೆವು. ಹತ್ತೂವರೆಗೆ ಹೊಟ್ಟೆ ಹಿಡಿದುಕೊಂಡು ಮನೆಗೆ ಬಂದರೆ ಅಮ್ಮ ರವೆ ಹುರಿದು, ಈರುಳ್ಳಿ ಹೆಚ್ಚಿಟ್ಟು ಕಾಯುತ್ತಿದ್ದಳು. ನಮ್ಮ ಮುಖ ನೋಡಿದವಳೇ ಒಗ್ಗರಣೆ ಹಾಕುತ್ತಿದ್ದಳು. ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆಯುವುದು ಅಂದರೆ ಏನು ಅಂತ ನನಗೆ ಯಾವ ಮೇಷ್ಟ್ರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಉಪ್ಪಿಟ್ಟು ಕಂಡರೆ ಇವತ್ತಿಗೂ ನನಗೆ ರೇಗುತ್ತದೆ.

ಸ್ಕೂಟರಿನಲ್ಲಿ ಅಮ್ಮನಿಗೆ ಜಾಗ ಇರಲಿಲ್ಲ. ಜಾಗ ಇದ್ದಿದ್ದರೂ ಅಪ್ಪ ಕರೆಯುತ್ತಿದ್ದನೋ ಇಲ್ಲವೋ. ನಾವೂ ಕೇಳಲಿಲ್ಲ, ಅದೇ ನೋಡಿ ನಾಚಿಕೆಗೇಡು. ಒಂದು ಮಧ್ಯಾಹ್ನ ಅವಳು ನನಗೆ ಹೇನು ನೋಡುತ್ತಾ ಕೂತಿದ್ದಾಗ ಇದ್ದಕ್ಕಿದ್ದ ಹಾಗೆ ಕೇಳಿದಳು.

"ಹೋಟ್ಲಲ್ಲಿ ಸುಮ್ನೆ ಕೂತ್ರೆ ಅವ್ರೇ ತಂದ್ ಕೊಡ್ತಾರೇನೇ?"

"ಹೂಂ ಅಮ್ಮ."

"ನೀರೂ?"

"ಎಲ್ಲಾ ಅವ್ರೇ."

"ತಿಂದ್ಮೇಲೆ ತಟ್ಟೆ?"

"ಅದೂ ಅವ್ರೇ ಎತ್ಕೊಂಡ್ ಹೋಗ್ತಾರೆ."

ಬಾಚಣಿಗೆ ನಿಂತಿತು. "ಒಂದ್ಸಲ ಹಂಗೆ ಕೂತ್ಕೋಬೇಕು ಕಣೇ" ಅಂದಳು.

ಹದಿನೆಂಟಕ್ಕೆ ಮದುವೆಯಾಗಿ ಬಂದವಳು. ಕೂಡು ಕುಟುಂಬದ ಹನ್ನೊಂದು ಜನಕ್ಕೆ ಮುದ್ದೆ ತೊಳಸಿದವಳು. ನೆಂಟರ ಮದುವೆಗೆ ಹೋದರೂ ಸೆರಗು ಸಿಕ್ಕಿಸಿಕೊಂಡು ಬಡಿಸುವ ಸಾಲಿನಲ್ಲೇ ಇರುತ್ತಿದ್ದಳು. ಅವಳು ಬಾಯಿ ಬಿಟ್ಟು ಏನಾದರೂ ಬೇಕು ಅಂದಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಹೇಗಾದರೂ ಮಾಡಿ ಅಮ್ಮನನ್ನು ಆ ಕುರ್ಚಿಯಲ್ಲಿ ಕೂರಿಸಲೇಬೇಕು ಅಂತ ಅವತ್ತೇ ಹಟ ಹಿಡಿದೆ.

ರಜೆಯ ಕೊನೆಯ ಭಾನುವಾರ ಅಬ್ಬಿಗೆರೆಯ ದೊಡ್ಡಪ್ಪನ ತೋಟದಲ್ಲಿ ಬೋರ್‌ವೆಲ್ ಕೊರೆಸುತ್ತಿದ್ದರು. ನೋಡಲಿಕ್ಕೆ ಅಂತ ಅಪ್ಪ ಮಂಜನನ್ನು ಕೂರಿಸಿಕೊಂಡು ಬೆಳಗ್ಗೆಯೇ ಹೊರಟ. ಗಾಡಿ ಸದ್ದು ಮರೆಯಾಗಿದ್ದೇ ತಡ, ನಾನು ಅಮ್ಮನ ಸೆರಗು ಹಿಡಿದು ಜಗ್ಗತೊಡಗಿದೆ. "ಥೂ, ಬಿಡೇ. ನಿಮ್ಮಪ್ಪಂಗೆ ಗೊತ್ತಾದ್ರೆ?" ಅಂದಳು. ಆಮೇಲೆ ಹಾಲಿನ ಪಾತ್ರೆ ಮುಚ್ಚಿಟ್ಟಳು. ಆಮೇಲೆ ಮುಖ ತೊಳೆದುಕೊಂಡಳು. ಆಮೇಲೆ ಟ್ರಂಕಿನಿಂದ ಹಸಿರು ಸೀರೆ ತೆಗೆದಳು! ಮೂವತ್ತು ಹೆಜ್ಜೆ ದೂರದ ಹೋಟ್ಲಿಗೆ ಅಮ್ಮ ಪೌಡರ್ ಹಾಕಿಕೊಂಡು ಹೊರಟಳು.

ನಮ್ಮ ಅದೃಷ್ಟಕ್ಕೆ ಕನ್ನಡಿ ಪಕ್ಕದ ಟೇಬಲ್ಲು ಖಾಲಿ ಇತ್ತು. ಯಾರನ್ನೂ ಎಬ್ಬಿಸಬೇಕಾಗಿಯೂ ಇರಲಿಲ್ಲ. ಅಮ್ಮ ಮೆಟ್ಟಿಲ ಮೇಲೆ ಒಂದು ಕಾಲಿಟ್ಟಿದ್ದಳು, ಅಷ್ಟರಲ್ಲಿ ವಾಸಣ್ಣ ನೋಡಿಬಿಟ್ಟರು.

"ಅಯ್ಯಯ್ಯೋ, ಅಮ್ಮಾವ್ರೇ! ನೀವ್ಯಾಕೆ ಬರಾಕೋದ್ರಿ? ಒಂದ್ ಮಾತು ಹೇಳ್ಕಳ್ಸಿದ್ರೆ ನಾನೇ ಮನೆಗೆ ತಂದ್ಕೊಡ್ತಿರ್ಲಿಲ್ವಾ? ಈ ಗಂಡಸ್ರ ಮಧ್ಯ ನೀವು ಕೂತ್ಕಳೋದು ಅಂದ್ರೇನು? ಯಜಮಾನ್ರು ನನ್ನ ಏನನ್ಕೊಂಡಾರು?"

ಅಮ್ಮ, "ಇಲ್ಲ... ಸುಮ್ನೆ... ಮಗು ಕೇಳ್ತು" ಅಂದಳು.

ಮಗು ಕೇಳಿದ್ದಂತೆ! ನಾನು ಬಾಯಿ ತೆರೆಯುವಷ್ಟರಲ್ಲಿ ಅವರು ಒಳಗೆ ಓಡಿದರು. ಬೇರೆಯವರ ಆರ್ಡರೆಲ್ಲ ನಿಲ್ಲಿಸಿ, ತಮ್ಮ ಕೈಯಾರೆ ನಾಲ್ಕು ಮಸಾಲೆದೋಸೆ ಹುಯ್ದು, ಬೆಣ್ಣೆ ಎರಡರಷ್ಟು ಹಾಕಿ, ಬಾಳೆ ಎಲೆ, ಅದರ ಮೇಲೆ ಪೇಪರು, ಅದರ ಮೇಲೆ ದಾರ ಕಟ್ಟಿ ತಂದರು. ಅಷ್ಟು ಹೊತ್ತೂ ಅಮ್ಮ ಮೆಟ್ಟಿಲ ಮೇಲೇ ನಿಂತಿದ್ದಳು. "ಇಲ್ಲೇ ಕೂತ್ಕೋತೀವಿ" ಅನ್ನುವ ಎರಡು ಮಾತು ಅವಳ ಬಾಯಿಂದ ಬರಲಿಲ್ಲ. ವಾಸಣ್ಣ ನನ್ನ ಕಡೆ ತಿರುಗಿ, "ಬಿಸಿ ಐತೆ, ಜೋಪಾನವಾಗಿ ಹಿಡ್ಕೋತೀಯೇನ್ ಪುಟ್ಟಿ?" ಅಂದರು. ನಾನು, ಹಟಮಾರಿ ಅಂತ ಬೀದಿಗೆಲ್ಲ ಹೆಸರಾದವಳು, ತಲೆ ಆಡಿಸಿ ಪೊಟ್ಟಣ ಇಸಿದುಕೊಂಡೆ.

ಮನೆಗೆ ಬಂದು ಬಿಚ್ಚಿದರೆ ದೋಸೆ ಮೆತ್ತಗಾಗಿ ಎಲೆಗೆ ಅಂಟಿಕೊಂಡಿತ್ತು. ಅಮ್ಮ ಮೊದಲು ಸೀರೆ ಬದಲಾಯಿಸಿದಳು. ನನಗೊಂದು ಬಡಿಸಿದಳು, ಅಪ್ಪನಿಗೂ ಮಂಜನಿಗೂ ಎತ್ತಿಟ್ಟಳು. ತನ್ನ ಪಾಲಿನದನ್ನು ಅಡುಗೆಮನೆ ಕಟ್ಟೆಗೆ ಒರಗಿ ನಿಂತೇ ತಿಂದು, "ಚೆನ್ನಾಗೈತೆ ಕಣೇ" ಅಂದಳು. ನನಗೆ ಅಳು ಬಂತು. ಅವಳು ಖಾರ ಆಯ್ತೇನೋ ಅಂದುಕೊಂಡು ನೀರು ತಂದುಕೊಟ್ಟಳು.

ಮಧ್ಯಾಹ್ನ ಅಪ್ಪ ಬಂದಾಗ "ವಾಸಣ್ಣ ಕಳ್ಸಿದ್ರು" ಅಂದಳು. ಅಪ್ಪ ಬೈಯಲಿಲ್ಲ, ಖುಷಿಯಾದ! "ನೋಡು, ಎಂತಾ ಮರ್ಯಾದಸ್ತ ಮನ್ಸ." ಮುಂದಿನ ವಾರದಿಂದ ಪ್ರತಿ ಭಾನುವಾರ ಎಂಟು ಗಂಟೆಗೆ ಪೊಟ್ಟಣ ನಮ್ಮ ಬಾಗಿಲಿಗೇ ಬರತೊಡಗಿತು. ಸ್ಕೂಟರ್ ಸವಾರಿಯೂ ನಿಂತಿತು. ಮನೆಗೇ ಬರುವಾಗ ಹೋಟ್ಲಿಗೆ ಹೋಗುವುದು ಯಾಕೆ ಅಂತ ಅಪ್ಪನ ಲೆಕ್ಕ. ಆ ಮರ್ಯಾದೆಗೆ ಬೆಂಕಿ ಬೀಳ. ಎಲ್ಲರೂ ಸೇರಿ ಅಮ್ಮನಿಗೆ ಮರ್ಯಾದೆ ಕೊಟ್ಟೂ ಕೊಟ್ಟೂ ಅವಳಿಗೊಂದು ಕುರ್ಚಿ ಕೊಡಲಿಲ್ಲ.

ಈಗ ಆ ಜಾಗದಲ್ಲಿ ನಮ್ಮದೇ ಐದಂತಸ್ತಿನ ಬಿಲ್ಡಿಂಗ್ ಇದೆ. ವಾಸಣ್ಣ ಎಂದೋ ಊರಿಗೆ ಹೋದರು. ಹೊಲ ಹೋಯಿತು, ಕೊಟ್ಟಿಗೆ ಹೋಯಿತು ಅಂತ ನಮ್ಮ ನೆಂಟರೆಲ್ಲ ನಿಟ್ಟುಸಿರು ಬಿಡುತ್ತಾರೆ. ನನಗೆ ಅವೆಲ್ಲ ಅಷ್ಟು ಕಾಡುವುದಿಲ್ಲ. ಬೇಕು ಅಂದವಳಿಗೆ ಬೇಕು ಅಂದಾಗ ಸಿಗಲಿಲ್ಲವಲ್ಲ, ಅದು ಹೊಟ್ಟೆ ಉರಿಸುತ್ತದೆ.

ಹಾಗಂತ ಆಮೇಲೆ ಅವಳನ್ನು ಹೋಟ್ಲಿಗೆ ಕರೆದುಕೊಂಡು ಹೋಗಿಲ್ಲವೇ ಅಂದರೆ, ಹೋಗಿದ್ದೇವೆ. ಕಳೆದ ಭಾನುವಾರವೂ ಯಲಹಂಕದಲ್ಲಿ ಹೆಸರು ಬರೆಸಿ, ನಲವತ್ತು ನಿಮಿಷ ಬಿಸಿಲಲ್ಲಿ ಕಾದು ಟೇಬಲ್ ಹಿಡಿದೆವು. ಅಮ್ಮ ನನ್ನ ಮಗನಿಗೆ ದೋಸೆ ಮುರಿದುಕೊಟ್ಟಳು, ಪಕ್ಕದ ಟೇಬಲ್ಲಿನಿಂದ ನೀರಿನ ಜಗ್ಗು ತಂದಳು, ಚಟ್ನಿ ಕೇಳಿಕೊಂಡು ತಾನೇ ಕೌಂಟರಿಗೆ ನಡೆದಳು. ಸಪ್ಲೈಯರ್ ಬರುವ ಮುಂಚೆಯೇ ನಮ್ಮ ತಟ್ಟೆಗಳನ್ನೆಲ್ಲ ಒಂದರ ಮೇಲೊಂದು ಪೇರಿಸಿಟ್ಟಳು.

ನನಗೆ ತಡೆಯಲಿಲ್ಲ. "ಅಮ್ಮ, ನಿನ್ ದಮ್ಮಯ್ಯ, ಒಂದೈದ್ ನಿಮಿಷ ಕೂತ್ಕೊಂಡ್ ತಿನ್ನು" ಅಂತ ರೇಗಿದೆ. ಸುತ್ತ ಕೂತವರು ತಿರುಗಿ ನೋಡಿದರು.

ಅಮ್ಮ ನಿಂತಲ್ಲೇ ತನ್ನ ಆರಿದ ದೋಸೆಯ ತಟ್ಟೆ ಕೈಗೆತ್ತಿಕೊಂಡಳು. "ಕೂತ್ರೆ ನಂಗೆ ತಿಂದಂಗೇ ಆಗಲ್ಲ ಕಣೇ" ಅಂದಳು.