ಮೊದಲು ನೀನು ಕೂತು ನೋಡು

ಹೈದರಾಬಾದಿಗೆ ಬಂದ ಮೊದಲ ಬೆಳಿಗ್ಗೆ ನಾನು ಕಂಡದ್ದು ಇದು: ಮೂವರು ದೊಡ್ಡ ಹೆಂಗಸರು ಹುಣಸೆಮರಕ್ಕೆ ಸೀರೆಯಿಂದ ಕಟ್ಟಿದ ಕೂಸಿನ ಜೋಳಿಗೆಗಳಲ್ಲಿ ಕೂತು, ಕಾಲೆತ್ತಿ, ಗಂಭೀರವಾಗಿ ತೂಗಿಕೊಳ್ಳುತ್ತಿದ್ದರು. ಯಾರೂ ನಗುತ್ತಿರಲಿಲ್ಲ. ಹದಿನಾರು ವರ್ಷದ ನನಗೆ ಇದೇನು ಮಾಟವೋ ಮಂತ್ರವೋ ಎನಿಸಿತು.

ಐಟಿ ಕಂಪನಿಗಳ ಕಟ್ಟಡಗಳು ಸಾಲುಸಾಲಾಗಿ ಏಳುತ್ತಿದ್ದ ಕಾಲ. ಅವಕ್ಕೆ ಇಟ್ಟಿಗೆ, ಸಿಮೆಂಟು ಹೊತ್ತವರು ಯಾದಗಿರಿ ಕಡೆಯ ನಮ್ಮಂಥವರು. ಈ ಮಾತನ್ನು ತಲೆ ಎತ್ತಿಯೇ ಹೇಳುತ್ತೇನೆ. ಚಿಗವ್ವನ ಜೊತೆ ನಾನು ಸೇರಿಕೊಂಡ ಹಳ್ಳಿ ಆ ಗಾಜಿನ ಕಟ್ಟಡಗಳ ಬೆನ್ನಿಗೇ, ದೊಡ್ಡ ಬಂಡೆಗಳ ನಡುವೆ ಅಡಗಿತ್ತು. ರಸ್ತೆಯಿಂದ ನೋಡಿದರೆ ಅಲ್ಲೊಂದು ಊರಿದೆ ಎಂದೇ ತಿಳಿಯದು. ನಮ್ಮೂರಿಗೆ ಹೊಸಬರು ಬಂದರೆ ಮೂರು ತಲೆಮಾರು ವಿಚಾರಿಸುತ್ತಾರೆ. ಇಲ್ಲಿ ಯಾರೂ ಏನೂ ಕೇಳಲಿಲ್ಲ, ಸುಮ್ಮನೆ ನೋಡಿದರು. ನನ್ನ ಗುಟ್ಟು ಇವರಿಗೆ ಗೊತ್ತಾಗಿಬಿಟ್ಟಿದೆ ಎಂದೇ ಹೆದರಿದೆ.

ಗುಟ್ಟು ಇಷ್ಟೇ. ಊರಲ್ಲಿ ತಮ್ಮ ಮಲ್ಲುವಿಗೆ ನಾನು ಜೋಳಿಗೆ ಕಟ್ಟಿದ್ದೆ. ಗೆಳತಿಯರು ಕರೆಯುತ್ತಿದ್ದಾರೆಂದು ಅವಸರದಲ್ಲಿ ಒಂದೇ ಗಂಟು ಹಾಕಿ ಓಡಿದ್ದೆ. ಗಂಟು ಬಿಚ್ಚಿ ಕೂಸು ಕಲ್ಲಿನ ಮೇಲೆ ಬಿತ್ತು. ಅವನ ಬಲ ಮೊಣಕೈ ಮತ್ತೆ ನೆಟ್ಟಗಾಗಲಿಲ್ಲ. ಅವ್ವ ಬೈಯಲಿಲ್ಲ, ಅವನನ್ನು ಮತ್ತೆ ನನ್ನ ಕೈಗೆ ಕೊಡಲೂ ಇಲ್ಲ.

ತಾಯಂದಿರು ಕೆಲಸಕ್ಕೆ ಹೋದಾಗ ಹಳ್ಳಿಯ ಕೂಸುಗಳನ್ನು ಆ ಹುಣಸೆಮರದ ಕೆಳಗೆ ನೋಡಿಕೊಳ್ಳುತ್ತಿದ್ದವಳು ಯಾದಮ್ಮ. ಅವಳಿಗೆ ನೀರು ತಂದುಕೊಟ್ಟೆ, ಬಟ್ಟೆ ಒಗೆದೆ, ತೆಲುಗು ಕಲಿತೆ. ರೊಟ್ಟಿ ಬಿಟ್ಟು ಅನ್ನಕ್ಕೂ, ಕುದಿಸದ ಹುಣಸೆ ಸಾರಾದ ಪಚ್ಚಿಪುಲುಸಿಗೂ ಹೊಂದಿಕೊಂಡೆ. ಕೂಸುಗಳನ್ನು ಮಾತ್ರ ಮುಟ್ಟಲಿಲ್ಲ.

ಒಂದು ದಿನ ಯಾದಮ್ಮ ಹಳೆಯ ಸೀರೆಯೊಂದನ್ನು ನನ್ನ ಕೈಗಿಟ್ಟು ಜೋಳಿಗೆ ಕಟ್ಟೆಂದಳು. ಕೂಸಿನ ತಾಯಿ ಸಾಬವ್ವ, ನಮ್ಮ ಕಡೆಯವಳೇ, ಮಗಳನ್ನು ಎತ್ತಿಕೊಂಡು ಪಕ್ಕದಲ್ಲಿ ನಿಂತಿದ್ದಳು. ಸೀರೆಯನ್ನು ಯಾದಮ್ಮನಿಗೇ ಮರಳಿ ಚಾಚಿದೆ. ಮುಚ್ಚಿಟ್ಟದ್ದನ್ನೆಲ್ಲ ಅರ್ಧ ಕನ್ನಡ, ಅರ್ಧ ತೆಲುಗಿನಲ್ಲಿ ಹೇಳಿಬಿಟ್ಟೆ.

"ಮುಂದುಗಾಲ ನುವ್ವು ಕೂಸೋ," ಎಂದಳು ಯಾದಮ್ಮ. ಮೊದಲು ನೀನು ಕೂತ್ಕೋ ಎಂದರ್ಥ. ಕಟ್ಟಿದವಳು ತಾನೇ ಕೂತು ತೂಗಿಕೊಂಡ ಮೇಲೆಯೇ ಕೂಸನ್ನು ಮಲಗಿಸುವುದು ಆ ಊರಿನ ರೂಢಿ. ಮೊದಲ ಬೆಳಿಗ್ಗೆ ಕಂಡ ಮಾಟ ಇದೇ! ಮೂರು ಗಂಟು ಹಾಕಿದೆ, ಕೂತೆ, ಕಾಲೆತ್ತಿದೆ. ಕೊಂಬೆ ಕಿರ್ರೆಂದಿತು, ಗಂಟು ಅಲುಗಲಿಲ್ಲ.

"ತಪ್ಪು ಬಾಯಿಬಿಟ್ಟು ಹೇಳ್ದಿ, ಅಷ್ಟ ಸಾಕು. ಮುಚ್ಚಿಡೋರ ಕೈಯಾಗ ನಾ ಕೂಸು ಕೊಡಂಗಿಲ್ಲ," ಎಂದು ಸಾಬವ್ವ ಮಗಳನ್ನು ನನ್ನ ಮಡಿಲಿಗೆ ಹಾಕಿದಳು. ತಿರುಗಿಯೂ ನೋಡದೆ ಕೆಲಸಕ್ಕೆ ನಡೆದಳು. ನಾನು ಗಳಗಳ ಅತ್ತುಬಿಟ್ಟೆ.

ಈಗ ಯಾದಮ್ಮನ ಜಾಗದಲ್ಲಿ ನಾನಿದ್ದೇನೆ. ಇಷ್ಟು ವರ್ಷಗಳಲ್ಲಿ ನನ್ನ ಒಂದು ಗಂಟೂ ಬಿಚ್ಚಿಲ್ಲ. ಸಾಬವ್ವನ ಮಗಳು ಬಾಲಾನಗರದಲ್ಲಿ ಲೇಥ್ ಯಂತ್ರ ನಡೆಸುತ್ತಾಳೆ. ಅವಳನ್ನು ತೂಗಿದವಳು ನಾನೆಂದು ಬಂದವರಿಗೆಲ್ಲ ಹೇಳುತ್ತೇನೆ. ಜಂಬ ಅಂದರೆ ಜಂಬ, ಇರಲಿ.

ಹೋದ ಸಲ ಊರಿಗೆ ಹೋದಾಗ ಮಲ್ಲುವಿನ ಕೂಸಿಗೆ ಜೋಳಿಗೆ ಕಟ್ಟಬೇಕಿತ್ತು. ಅವ್ವ ಸೀರೆ ತಂದು ನನ್ನ ಮುಂದೆ ಹಿಡಿದಳು. ಕಟ್ಟಿದೆ, ಏರಿ ಕೂತೆ. ನೆರೆಯ ಹೆಂಗಸರು ಬಿದ್ದುಬಿದ್ದು ನಕ್ಕರು.

"ಇದ್ಯಾವ ಊರಿನ ಪದ್ಧತಿ ಯವ್ವಾ?" ಎಂದಳು ಅವ್ವ.

"ನಮ್ಮೂರಿಂದು," ಎಂದೆ.

ಹುಟ್ಟಿದ ಮನೆಯಂಗಳದಲ್ಲೇ ಕೂತು ಹಾಗೆಂದುಬಿಟ್ಟಿದ್ದೆ. ಅವ್ವ ಮಲ್ಲುವಿನ ಸೊಟ್ಟ ಕೈಯಿಂದ ಕೂಸನ್ನು ಎತ್ತಿಕೊಂಡು ಬಂದು ನನಗೆ ಕೊಟ್ಟಳು.