ಊರುಗಳನ್ನು ಬಾಯಲ್ಲೇ ಹೇಳಿದ ಗುಮಾಸ್ತರು

ಓದುಗರಿಗೆ ನಮಸ್ಕಾರ. ಮೂವತ್ತು ದಾಟಿದ ಮೇಲೆ ಎಸ್ಸೆಸ್ಸೆಲ್ಸಿ ಪಾಸಾದವನು ನಾನು. ಟೈಪಿಂಗ್ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ತಿಪಟೂರಿನ ಒಂದು ಕೊಬ್ಬರಿ ಮಂಡಿಗೆ ಕಂಪ್ಯೂಟರ್ ಬಂದ ವರ್ಷವೇ ನಾನು ಅಲ್ಲಿ ಕೆಲಸಕ್ಕೆ ಸೇರಿದೆ. ಅದರ ಸಾಫ್ಟ್‌ವೇರಿನಲ್ಲಿ ಉತ್ತರ ಭಾರತದ ಸಾವಿರಾರು ಅಂಗಡಿಗಳ ವಿಳಾಸವಿತ್ತು. ನಮ್ಮ ಒಡೆಯದ ಉಂಡೆ ಕೊಬ್ಬರಿ ಕೊಳ್ಳಬಹುದಾದವರನ್ನಷ್ಟೇ ಆರಿಸಿ ಪತ್ರ ಹಾಕಬೇಕಿತ್ತು. ಪಕ್ಕದಲ್ಲಿ ಕೂತು ಆರಿಸಿಕೊಟ್ಟವರು ಹಳೆಯ ಗುಮಾಸ್ತರು. ಕಾಣದ ಆ ಪೇಟೆಗಳಿಗೆ ಮೂವತ್ತು ವರ್ಷ ಕಾಗದ ಬರೆದವರು. ಎಲೆಯಡಿಕೆಯನ್ನು ದವಡೆಗೆ ಸರಿಸಿ, ಪ್ರತಿ ಹೆಸರಿಗೂ, "ಇವ್ರು ಉಂಡೆ ತಗಳೋರೋ, ಹೋಳು ತಗಳೋರೋ? ಹೋಳಿನೋರಾದ್ರೆ ಬುಡಪ್ಪ" ಎನ್ನುವರು. ಕೊನೆಗೆ ಅರವತ್ತು ಹೆಸರು ಉಳಿದವು.

ಅವನ್ನು ಅಕ್ಷರಕ್ರಮದಲ್ಲಿ ಇಡಲು ಹೋಗಿ, ನಾನು ಹೆಸರುಗಳನ್ನಷ್ಟೇ ಜೋಡಿಸಿಬಿಟ್ಟೆ. ಊರುಗಳು ಇದ್ದಲ್ಲೇ ಉಳಿದು, ಯಾರ ಹೆಸರಿಗೋ ಯಾರ ಊರೋ ಬಂದು ಕೂತಿತು. ಅದನ್ನು ಮೊದಲಿನಂತೆ ಮಾಡುವುದು ನನಗೆ ಗೊತ್ತಿರಲಿಲ್ಲ.

ಮಂಡಿಯ ಸಾಹುಕಾರರು ನೋಡಿ ಕೂಗಾಡಿದರು. "ಸಂಜೆ ಟಪಾಲಿಗೆ ಹೋಗ್ಬೇಕಿತ್ತಲ್ಲೋ! ನಾಳೆಯಿಂದ ಬರಬ್ಯಾಡ ನೀನು."

"ಅವ್ನಲ್ಲ ಕಣ್ರೀ, ನಾನೇ ಏನೋ ಒತ್ಬುಟ್ಟೆ," ಎಂದರು ಗುಮಾಸ್ತರು. ಅವರು ಕೀಬೋರ್ಡ್ ಮುಟ್ಟಿದವರೇ ಅಲ್ಲ.

"ಈ ವಯಸ್ಸಲ್ಲಿ ನಿಮಗ್ಯಾಕ್ರೀ ಬೇಕಿತ್ತು?" ಎಂದು ಗೊಣಗುತ್ತಾ ಸಾಹುಕಾರರು ಹೊರಟರು.

"ಹೆಸ್ರು ಓದಪ್ಪ," ಎಂದರು ಗುಮಾಸ್ತರು ನನಗೆ. ನಾನು ಒಂದೊಂದೇ ಓದಿದೆ, ಅವರು ಕಣ್ಣು ಮುಚ್ಚಿ ಊರು ಹೇಳಿದರು. ಮೂರು ಕಡೆ ಮಾತ್ರ ತಡವರಿಸಿದರು. ಮುಗಿದ ಮೇಲೆ ನಾನು ಅವರ ಕಾಲಿಗೆ ಬಗ್ಗಿದೆ.

"ಮೊದ್ಲು ಅದನ್ನ ಸೇವ್ ಮಾಡಪ್ಪ. ಕಾಲು ಎಲ್ಲೂ ಹೋಗಲ್ಲ."

ನಿಮ್ಮ ತಪ್ಪನ್ನು ಹೀಗೆ ತಮ್ಮ ತಲೆಗೆ ಕಟ್ಟಿಕೊಂಡವರು ಇದ್ದರೆ, ದಯವಿಟ್ಟು ನೀವೂ ಬರೆಯಿರಿ.